ಕಣದೊಳಗೆ ನೀರು ತರಬಾರದು

ಮೊದಲೇ ಹೇಳಿಬಿಡುತ್ತೇನೆ, ಇದು ಉಚ್ಚೆಯ ಕಥೆ. ಮೂಗು ಮುಚ್ಚಿಕೊಳ್ಳುವವರು ಈಗಲೇ ಪುಟ ತಿರುಗಿಸಬಹುದು. ಆದರೆ ತಿರುಗಿಸುವುದಿಲ್ಲ ಎಂದು ನನಗೆ ಗೊತ್ತು. ಇಷ್ಟು ವರ್ಷಗಳಲ್ಲಿ ನಾನು ಹೇಳುತ್ತಿದ್ದ ಕಥೆಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದವರು ಇಬ್ಬರೇ. ಒಬ್ಬನಿಗೆ ಬಸ್ಸು ಬಂದಿತ್ತು, ಇನ್ನೊಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ.

ಕೊಡಗು ಇನ್ನೂ ತನ್ನದೇ ಬೇರೆ ರಾಜ್ಯವಾಗಿದ್ದ ಕಾಲ. ನಮ್ಮದು ಹಾಸನದ ಕಡೆಯಿಂದ ಬಂದು ಶಿರಂಗಾಲದ ಹತ್ತಿರ ನೆಲೆ ನಿಂತ ಬೇಸಾಯದ ಮನೆ. ಗದ್ದೆ ಕೆಲಸ ಮುಗಿದ ಮೇಲೆ ಬೇಸಿಗೆಯ ಮೂರು ತಿಂಗಳು ನಾನು ನೆಲ್ಯಹುದಿಕೇರಿಯ ಪಕ್ಕದ ಒಂದು ಎಸ್ಟೇಟಿಗೆ ಹೋಗಿ ಕಾಫಿ ಕಣದಲ್ಲಿ ದುಡಿಯುತ್ತಿದ್ದೆ. ಅಲ್ಲಿಯ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ನನ್ನ ಅಕ್ಕ ಭಾವ ಇದ್ದರು. ಊಟ ನಿದ್ದೆ ಅವರ ಮನೆಯಲ್ಲೇ. ನನಗಾಗ ಇಪ್ಪತ್ತೆರಡೋ ಇಪ್ಪತ್ತಮೂರೋ. ನನ್ನಂಥ ಮೀಸೆ ಇಡೀ ಎಸ್ಟೇಟಿನಲ್ಲಿ ಇನ್ನೊಂದಿರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಕ್ಷೌರದವನು ಹೇಳಿದ್ದು. ಕ್ಷೌರದವನನ್ನು ಕೇಳೋಣವೆಂದರೆ ಅವನು ಈಗಿಲ್ಲ, ಆದ್ದರಿಂದ ನೀವು ನನ್ನನ್ನೇ ನಂಬಬೇಕು.

ಕಣವೆಂದರೆ ರಾಗಿ ಕಣ ನೆನೆಸಿಕೊಳ್ಳಬೇಡಿ. ಇಟ್ಟಿಗೆ ಹಾಸಿ ಗಾರೆ ಬಳಿದ ದೊಡ್ಡ ಬಯಲು, ಸುತ್ತ ತಂತಿ ಬೇಲಿ, ಒಂದೇ ಗೇಟು. ನೆರಳು ಬಿದ್ದ ಕಡೆ ಕಾಫಿ ಒಣಗುವುದಿಲ್ಲವೆಂದು ಬೇಲಿಯ ಆಚೀಚೆ ಮರಗಳನ್ನೆಲ್ಲ ಕಡಿಸಿದ್ದರು. ಕಾಫಿಗೆ ಬೇಕಾದದ್ದು ಮನುಷ್ಯನಿಗೆ ಬೇಡ, ಮನುಷ್ಯನಿಗೆ ಬೇಕಾದದ್ದು ಕಾಫಿಗೆ ಬೇಡ. ಹಣ್ಣನ್ನು ಹರಡಿ ಬೆಳಗ್ಗೆ ಎಂಟರಿಂದ ಸಂಜೆ ಐದರ ತನಕ ತಿರುವುತ್ತಲೇ ಇರಬೇಕು. ಆಳುದ್ದದ ಬಿದಿರ ಹಿಡಿ, ತುದಿಗೆ ಅಡ್ಡವಾಗಿ ಒಂದು ಹಲಗೆ. ಅದರಲ್ಲಿ ಎಳೆಯುವುದು, ತಳ್ಳುವುದು, ಮತ್ತೆ ಎಳೆಯುವುದು. ಮಧ್ಯಾಹ್ನ ಹನ್ನೆರಡಕ್ಕೆ ನೆಲದಿಂದ ಒಂದು ಬಿಸಿಲು ಮೇಲಕ್ಕೆ ಬರುತ್ತಿತ್ತು, ಮೇಲಿನಿಂದ ಇನ್ನೊಂದು ಕೆಳಕ್ಕೆ. ನಡುವೆ ನಾವು, ಹಂಚಿನ ಮೇಲಿನ ರೊಟ್ಟಿಯ ಹಾಗೆ. ರೊಟ್ಟಿಯನ್ನಾದರೂ ಮಗುಚುತ್ತಾರೆ.

ಈ ಕಣಕ್ಕೆ ರೈಟರದ್ದು ಒಂದು ಕಟ್ಟಳೆ ಇತ್ತು. ರೈಟರೆಂದರೆ ಎಸ್ಟೇಟಿನ ಹಾಜರಿ, ಕಾಗದಪತ್ರ, ಬೈಗುಳ ಇಷ್ಟಕ್ಕೂ ಅಧಿಕಾರಿ. ಇವರು ಮಂಗಳೂರು ಕಡೆಯವರು, ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ಕಣದೊಳಗೆ ನೀರು ತರಬಾರದು ಎಂದು ಅವರ ಅಪ್ಪಣೆ. ಒಂದು ಹನಿ ಬಿದ್ದರೆ ಒಂದು ಕಾಳು ನೆನೆಯುತ್ತದೆ, ನೆನೆದ ಒಂದು ಕಾಳು ಇಡೀ ಮೂಟೆಗೆ ಬೂಷ್ಟು ಹಿಡಿಸುತ್ತದೆ ಎನ್ನುವುದು ಅವರ ಶಾಸ್ತ್ರ. ಕುಡಿಯುವ ನೀರಿನ ಹಂಡೆ ಗೇಟಿನ ಹೊರಗಿತ್ತು. ಹೋಗಿ ಕುಡಿದು ಬಾ, ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಹೋದವನು ಧೂಳು ತರಬಾರದೆಂದು ಕಾಲು ತೊಳೆಯಬೇಕು, ಒದ್ದೆ ತರಬಾರದೆಂದು ಗೋಣಿಯಲ್ಲಿ ಒರೆಸಬೇಕು, ಆಮೇಲೆ ಒಂದೊಂದೇ ಅಂಗಾಲು ಎತ್ತಿ ರೈಟರಿಗೆ ತೋರಿಸಬೇಕು. ಕುದುರೆಯ ಲಾಳ ನೋಡುವ ಹಾಗೆ ಅವರು ಬಗ್ಗಿ ನೋಡುತ್ತಿದ್ದರು. ಎರಡು ಗುಟುಕು ನೀರಿಗೆ ಇಷ್ಟು ಮೆರವಣಿಗೆ ಯಾರಿಗೆ ಬೇಕು? ತೀರಾ ತಡೆಯಲಾಗದಿದ್ದರೆ ಒಂದು ಸಲ, ಇಲ್ಲದಿದ್ದರೆ ಗಂಡಸರು ಹೋಗುವುದನ್ನೇ ಬಿಟ್ಟರು. ಬಿಟ್ಟದ್ದು ಮೊದಲು ಸೋಮಾರಿತನ, ಆಮೇಲೆ ಅಭ್ಯಾಸ, ಆಮೇಲೆ ಗಂಡಸುತನ. ಹೆಂಗಸರು ಮಾತ್ರ ಇಬ್ಬಿಬ್ಬರಾಗಿ ಹೋಗಿ ಹೊಟ್ಟೆ ತುಂಬ ಕುಡಿದು, ಅಂಗಾಲು ತೋರಿಸಿ, ನಮ್ಮನ್ನು ನೋಡಿ ನಕ್ಕು ಒಳಗೆ ಬರುತ್ತಿದ್ದರು.

ಗೇಟಿನ ಕಂಬಕ್ಕೆ ಒಂದು ಕಬ್ಬಿಣದ ತುಂಡು ನೇತುಹಾಕಿತ್ತು. ಸಂಜೆ ಅದನ್ನು ಬಡಿದರೆ ಕೆಲಸ ಬಿಟ್ಟಿತು ಎಂದರ್ಥ. ಬೆಳಗ್ಗೆಯಿಂದ ಒಂದು ಸಲವೂ ನೀರಿಗೆ ಗೇಟು ದಾಟದವನಿಗೆ ಅದನ್ನು ಬಡಿಯುವ ಹಕ್ಕು. ಅಷ್ಟೇ ಬಹುಮಾನ. ಆದರೆ ಹೊಡೆದವನ ನಡಿಗೆಯನ್ನು ನೀವು ನೋಡಬೇಕಿತ್ತು. ನನಗಿಂತ ಮೊದಲು ಆ ಹಕ್ಕು ಒಬ್ಬ ಹಿರಿಯನಿಗೆ ಇತ್ತು. ಹತ್ತಾರು ಬೇಸಿಗೆ ಅವನೇ ಬಡಿದಿದ್ದ. ನಾನು ಬರುವ ಹೊತ್ತಿಗೆ ಅವನ ಕಾಲು, ಮುಖ ಊದಿ, ಲೈನಿನ ಜಗಲಿಯಲ್ಲಿ ಕೂತೇ ಇರುತ್ತಿದ್ದ. ಹೆಬ್ಬೆರಳಿನಿಂದ ಅವನ ಮೊಣಕಾಲಿನ ಕೆಳಗೆ ಒತ್ತಿದರೆ ಹಿಟ್ಟಿಗೆ ಒತ್ತಿದಂತೆ ಗುಂಡಿ ಬೀಳುತ್ತಿತ್ತು. ಯಾರದೋ ಕಣ್ಣು ಬಿದ್ದಿದೆ ಎಂದು ಜನ ಹೇಳುತ್ತಿದ್ದರು.

ಇನ್ನು ಉಚ್ಚೆಯ ವಿಚಾರ. ಕಣದ ಹಿಂದಿನ ಮೂಲೆಯಲ್ಲಿ, ಬೇಲಿಯ ಒಳಗೇ, ಗಂಡಸರಿಗೆಂದು ಸುಣ್ಣ ಬಳಿದ ಒಂದು ಮೋಟುಗೋಡೆ ಇತ್ತು. ನೀರಿಲ್ಲದೆ ಬಿಸಿಲಲ್ಲಿ ಬೆಂದವರ ಉಚ್ಚೆ ಆ ಬಿಳಿ ಗೋಡೆಯ ಮೇಲೆ ಕಾಫಿ ಕಷಾಯದ ಬಣ್ಣಕ್ಕೆ ಇಳಿಯುತ್ತಿತ್ತು. ಇದಕ್ಕೆ ನಮ್ಮವರು ಕೊಟ್ಟ ಅರ್ಥ ಕೇಳಿ. ಕಾಫಿಯ ನಡುವೆ ನಿಂತು ನಿಂತು ಅದರ ಧೂಳು, ಘಾಟು ಮೈಯೊಳಗೆ ಇಳಿದು ಹೊರಗೆ ಬರುತ್ತದಂತೆ. ಬಣ್ಣ ಬಂತು ಎಂದರೆ ನೀನು ಪಕ್ಕಾ ಕಣದವನಾದೆ. ಹೊಸದಾಗಿ ಬಂದವರ ಉಚ್ಚೆ ತಿಳಿಯಾಗಿದ್ದರೆ ನಗುತ್ತಿದ್ದರು, ಮೊದಲ ಸಲ ಕಪ್ಪಗಾದ ದಿನ ಬೆನ್ನು ತಟ್ಟುತ್ತಿದ್ದರು. ಒಬ್ಬನಿಗೆ ಬಣ್ಣ ಬಂದ ದಿನ ಅವನು ಊರಿಗೆ ಕಾಗದವನ್ನೇ ಬರೆಸಿದ.

ನನ್ನದು ಕಾವೇರಿಯ ನೀರಿನ ಹಾಗಿತ್ತು. ಆ ಗೋಡೆಗೆ ನಾನು ಯಾರೂ ಇಲ್ಲದಾಗಲೇ ಹೋಗುತ್ತಿದ್ದೆ.

ಯಾಕೆಂದರೆ ನಾನು ಕುಡಿಯುತ್ತಿದ್ದೆ. ಗೇಟು ದಾಟದೆ, ಕಣದ ನಟ್ಟನಡುವೆ ನಿಂತು, ರೈಟರ ಎದುರಿಗೇ ಕುಡಿಯುತ್ತಿದ್ದೆ. ಕಾಯಿಸಿದ ಕಬ್ಬಿಣದ ಸರಳನ್ನು ನನ್ನ ಹಲಗೆಯ ಬಿದಿರ ಹಿಡಿಯೊಳಗೆ ತೂರಿಸಿ ಗೆಣ್ಣುಗಳನ್ನು ಒಡೆದಿದ್ದೆ, ಕೊನೆಯ ಗೆಣ್ಣು ಮಾತ್ರ ಹಾಗೇ ಉಳಿಸಿ. ಬಾಯಿಗೆ ಮರದ ಬಿರಡೆ, ಅದರ ಮೇಲೆ ಕೈಗೆ ಗುಳ್ಳೆ ಏಳಬಾರದೆಂದು ಸುತ್ತಿದಂತೆ ಒಂದು ಬಟ್ಟೆ. ಬೆಳಗ್ಗೆ ತೋಡಿನ ಹರಿಯುವ ನೀರಲ್ಲಿ ತುಂಬಿಸಿದರೆ ಒಂದು ಚೊಂಬಿಗೂ ಮಿಕ್ಕಿ ಹಿಡಿಯುತ್ತಿತ್ತು. ಕುಡಿಯಬೇಕಾದರೆ ಹಲಗೆಯ ಕಡೆಯನ್ನು ಮೇಲಕ್ಕೆ ಎತ್ತಬೇಕಲ್ಲ, ಅದಕ್ಕೊಂದು ಭಕ್ತಿ ಹುಟ್ಟಿಸಿದೆ. ಆಗಾಗ ಹಲಗೆಯನ್ನು ಸೂರ್ಯನಿಗೆ ಎತ್ತಿ ಹಿಡಿದು, ಹಿಡಿಯ ತುದಿಯನ್ನು ತುಟಿಗೆ ಒತ್ತಿಕೊಂಡು, ಬಟ್ಟೆಯ ಮರೆಯಲ್ಲಿ ಬಿರಡೆ ಸಡಿಲಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ನಮ್ಮ ಮನೆತನದಲ್ಲಿ ಉಪಕರಣವನ್ನು ಸೂರ್ಯನಿಗೆ ತೋರಿಸಿ ಮುತ್ತಿಡುವ ಪದ್ಧತಿ ಎಂದು ಹೇಳಿದ್ದೆ. ಎರಡು ವಾರದಲ್ಲಿ ಏಳೆಂಟು ಜನ ಅದನ್ನು ತಾವೂ ಶುರುಮಾಡಿದರು. ಹೊತ್ತು ಹೊತ್ತಿಗೆ ಹಲಗೆಗಳು ಆಕಾಶಕ್ಕೆ ಏಳುತ್ತಿದ್ದವು, ಒಣಬಾಯಿಗಳು ಒಣಬಿದಿರಿಗೆ ಮುತ್ತಿಡುತ್ತಿದ್ದವು. ರೈಟರು ಒಮ್ಮೆ ಇದನ್ನು ನೋಡಿ ಕೊಡೆ ಮಡಿಸಿ ತಾವೂ ಕೈಮುಗಿದರು. ನಗು ತಡೆಯಲು ನಾನು ಅವತ್ತು ನಾಲಿಗೆ ಕಚ್ಚಿಕೊಂಡ ಗಾಯ ನಾಲ್ಕು ದಿನ ಇತ್ತು.

ಹೀಗೆ ಎರಡು ಬೇಸಿಗೆ ಸಂಜೆಯ ಬಡಿತ ನನ್ನದೇ. ಮೂರನೆಯ ಬೇಸಿಗೆ ಭಾವನಿಗೆ ಹಟ ಹುಟ್ಟಿತು.

ಭಾವ ಆನೆಯಂಥ ಆಳು. ಸುಳ್ಳು ಹೇಳಲು ಬಾರದು, ಹೇಳಿದವರನ್ನು ಗುರುತಿಸಲೂ ಬಾರದು. ಅವನ ಮದುವೆಯ ದಿನದಿಂದ ನಾನು ಅವನನ್ನು ಆಟ ಆಡಿಸುತ್ತಲೇ ಬಂದಿದ್ದೆ. ವೀಳ್ಯದಲ್ಲಿ ಮೆಣಸಿನಕಾಯಿ ಇಟ್ಟದ್ದು, ಅವನ ಜೋಡನ್ನು ಬಾವಿಯ ರಾಟೆಗೆ ಕಟ್ಟಿದ್ದು, ಲೈನಿನಲ್ಲಿ ಆನೆ ಬಂತೆಂದು ಅವನನ್ನು ಹಲಸಿನ ಮರಕ್ಕೆ ಹತ್ತಿಸಿ ಕೆಳಗೆ ಕೂತು ಅವನ ಪಾಲಿನ ರೊಟ್ಟಿ ತಿಂದದ್ದು. ಒಂದು ಸಲವಾದರೂ ಬಾಮೈದನನ್ನು ಸೋಲಿಸಬೇಕು ಎಂದು ಅವನು ಅಕ್ಕನ ಹತ್ತಿರ ಹೇಳಿದ್ದನಂತೆ. ಉಳಿದ ಆಟಗಳಿಗೆ ತಲೆ ಬೇಕು, ಇದಕ್ಕೆ ಮೈ ಸಾಕು ಎಂದುಕೊಂಡು ಅವನು ಕಣದಲ್ಲಿ ನೀರು ಕುಡಿಯುವುದನ್ನು ಬಿಟ್ಟ.

ಅವನು ನಿಜವಾಗಿಯೂ ಬಿಟ್ಟ. ಮೊದಲ ವಾರದಲ್ಲೇ ಇಬ್ಬರೂ ಸಂಜೆಯ ತನಕ ನಿಂತೆವು. ಕಬ್ಬಿಣವನ್ನು ಒಂದು ದಿನ ನಾನು, ಒಂದು ದಿನ ಅವನು ಬಡಿಯುವುದೆಂದಾಯಿತು. ನನಗೆ ಅರ್ಧ ರಾಜ್ಯ ಸಾಲದು. ಹತ್ತು ಜನರ ಎದುರಿಗೆ ಒಂದು ಮಾತು ಬಿಟ್ಟೆ.

"ಭಾವ ಬೆಳಗ್ಗೆ ಒಂದ್ ಚೆಂಬು ಗಂಜಿ ಕುಡ್ದು ಬತ್ತಾರೆ. ಗಂಜಿ ಅಂದ್ರೆ ನೀರೇ ಅಲ್ವಾ? ಹೊಟ್ಟೇಲಿ ಹಂಡೆ ಹೊತ್ಕೊಂಡ್ ನಿಂತೋರ ಜೊತೆ ನಂಗೆಂಥ ಪಂದ್ಯ."

ಎಲ್ಲರೂ ನಕ್ಕರು. ಭಾವ ನಗಲಿಲ್ಲ. ಮಾರನೆಯ ದಿನದಿಂದ ಅವನು ಗಂಜಿ ಬಿಟ್ಟ. ಒಣ ಅಕ್ಕಿರೊಟ್ಟಿ, ಒಣ ಚಟ್ನಿ, ಮೇಲೊಂದು ಬೀಡಿ. ಅಕ್ಕ ಬೈದಳು, ಅವನು ಕೇಳಲಿಲ್ಲ. ನಾನು ಆ ಹೊತ್ತಿನಲ್ಲಿ ಅಲ್ಲೇ ಕೂತು ಎರಡು ಪಾಲು ಗಂಜಿ ಕುಡಿಯುತ್ತಿದ್ದೆ. ನನಗೆ ಅದರ ಅಗತ್ಯವೂ ಇರಲಿಲ್ಲ.

ತಿಂಗಳು ಕಳೆಯುವ ಹೊತ್ತಿಗೆ ಭಾವ ಸೊಂಟಕ್ಕೆ ಕೈ ಕೊಟ್ಟು ನಿಲ್ಲತೊಡಗಿದ. ಮೂಟೆ ಎತ್ತಿ ಉಳುಕಿದೆ ಎಂದ. ಅಕ್ಕ ಹರಳೆಣ್ಣೆ ಹಚ್ಚಿ ಉಪ್ಪಿನ ಶಾಖ ಕೊಟ್ಟಳು, ಬಿಸಿಲಲ್ಲಿ ಬೆಂದ ಸೊಂಟಕ್ಕೆ ಇನ್ನಷ್ಟು ಬಿಸಿ. ಮೋಟುಗೋಡೆಯ ಹತ್ತಿರ ಅವನು ಹಲ್ಲು ಕಚ್ಚಿಕೊಂಡು ನಿಲ್ಲುತ್ತಿದ್ದ, ಹೊರಬರುವಾಗ ಕಣ್ಣಲ್ಲಿ ನೀರು. ಬಣ್ಣ ಕಾಫಿ ದಾಟಿ ಕೆಂಪಿಗೆ ತಿರುಗಿತ್ತು. ಅದನ್ನೂ ಅವನು ಹೆಮ್ಮೆಯಿಂದಲೇ ತೋರಿಸಿದ. ನಾನು ನೋಡಿದೆ. ಆದರೂ ಅವತ್ತು ಸಂಜೆ ಹೋಗಿ ನನ್ನ ಸರದಿಯ ಕಬ್ಬಿಣ ಬಡಿದು ಬಂದೆ. ಇದನ್ನು ಬರೆಯದೆ ಬಿಡಬಹುದಿತ್ತು.

ಮೂರು ದಿನದ ಮೇಲೆ, ನಡುಮಧ್ಯಾಹ್ನ, ಭಾವ ಹಲಗೆ ಬಿಟ್ಟು ಪಕ್ಕೆ ಹಿಡಿದುಕೊಂಡು ಕಾಫಿಯ ಮೇಲೆ ಉರುಳಿದ. ವಾಂತಿಯಾಯಿತು. ಎತ್ತಲು ಹೋದರೆ ಅವನು ಹೇಳಿದ್ದು ಒಂದೇ, ನೀರಿಗೆ ಬೇಡ, ಗೇಟಿನಾಚೆ ಒಯ್ಯಬೇಡಿ. ಅವನನ್ನು ಹೊತ್ತು ಗೇಟು ದಾಟಿಸಲು ನಾಲ್ಕು ಜನ ಬೇಕಾಯಿತು. ರೈಟರು ಗಾಡಿ ಕಟ್ಟಿಸಿದರು. ನಾನು, ಅಕ್ಕ ಅವನನ್ನು ಕರೆದುಕೊಂಡು ಸರಕಾರಿ ಆಸ್ಪತ್ರೆಗೆ ಹೋದೆವು.

ಡಾಕ್ಟರು ಒಂದು ಸೂಜಿ ಚುಚ್ಚಿ, ನೋವು ಇಳಿದ ಮೇಲೆ ಒಂದು ಗಾಜಿನ ಸೀಸೆ ಕೊಟ್ಟರು. ಭಾವ ಕೊಟ್ಟದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದೇನು ಕಷಾಯವೇ ಎಂದು ಕೇಳಿದರು. ಮಂಚದ ಮೇಲೆ ಮಲಗಿದ್ದ ಭಾವ ಅಲ್ಲಿಂದಲೇ ಎದೆ ಉಬ್ಬಿಸಿದ.

"ಕಾಫಿ ಕಣದೋರು ಸ್ವಾಮಿ. ನಮ್ದು ಹಿಂಗೇಯ."

ಡಾಕ್ಟರು ಆ ಕಣದವರು ಇನ್ಯಾರಾದರೂ ಇದ್ದಾರೋ ಎಂದರು. ಅಕ್ಕ ನನ್ನನ್ನು ಮುಂದೆ ತಳ್ಳಿದಳು. ನನ್ನ ಕೈಗೂ ಒಂದು ಸೀಸೆ ಬಂತು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಆ ಕಾಲದಲ್ಲಿ ಡಾಕ್ಟರು ಹೇಳಿದರೆ ಹೇಳಿದ್ದೇ. ನನ್ನ ಸೀಸೆ ಮೇಜಿನ ಮೇಲೆ ಅವನ ಸೀಸೆಯ ಪಕ್ಕ ನಿಂತಿತು, ಮಳೆಗಾಲದ ಹಾರಂಗಿ ಹೊಳೆಯ ಪಕ್ಕ ಒಂದು ಒರತೆ ನೀರು ಇಟ್ಟ ಹಾಗೆ.

ಡಾಕ್ಟರು ಎರಡನ್ನೂ ತೋರಿಸಿ ನಿಧಾನವಾಗಿ ತಿಳಿಸಿದರು. ಸೊಂಟದ ಮೇಲೆ, ಬೆನ್ನಿನ ಒಳಗೆ, ಎರಡು ಸೋಸುವ ಬಟ್ಟೆಗಳಿವೆ ಎಂದುಕೊಳ್ಳಿ. ಕಿಡ್ನಿ ಅಂತ ಹೆಸರು. ಬೆವರಲ್ಲಿ ನೀರೆಲ್ಲ ಹೋಗಿ, ಬಾಯಿಂದ ನೀರು ಬರದೆ ಇದ್ದರೆ ಬಟ್ಟೆ ಕಟ್ಟಿಕೊಳ್ಳುತ್ತದೆ, ಗಸಿ ಕೂತು ಕಲ್ಲಾಗುತ್ತದೆ. ಇವನಿಗೆ ಆಗಿರುವುದು ಅದೇ. ಉಳುಕೂ ಅಲ್ಲ, ಕಾಫಿ ಧೂಳೂ ಅಲ್ಲ. ಕಣದಲ್ಲಿ ಗಂಟೆಗೊಮ್ಮೆ ನೀರು ಕುಡಿಯಬೇಕು, ಉಚ್ಚೆ ಈ ಹುಡುಗನದ್ದರ ಹಾಗೆ ತಿಳಿಯಾಗುವ ತನಕ. ಆಮೇಲೆ ದನಿ ತಗ್ಗಿಸಿ ಅಕ್ಕನಿಗೆ ಹೇಳಿದರು:

"ಇನ್ನೊಂದು ಬೇಸಿಗೆ ಇವರು ಹೀಗೇ ಕಳೆದ್ರೆ ಮುಖ ಕಾಲು ಊದಿ ಮಲಗ್ತಾರಮ್ಮ. ಆಗ ನೀವು ಬಂದ್ರೂ ನನ್ನ ಹತ್ರ ಔಷಧಿ ಇರಲ್ಲ."

ನಮ್ಮಿಬ್ಬರ ಕಣ್ಣ ಮುಂದೆಯೂ ಜಗಲಿಯ ಮೇಲೆ ಕೂತ ಆ ಹಿರಿಯ ಬಂದಿರಬೇಕು.

ಗಾಡಿಯಲ್ಲಿ ಹಿಂದಿರುಗುವಾಗ ನಾನು ತಪ್ಪೊಪ್ಪಿಕೊಂಡೆ. ಬಿದಿರು, ಸರಳು, ಬಿರಡೆ, ಸೂರ್ಯನಿಗೆ ಮುತ್ತು, ಒಂದನ್ನೂ ಬಿಡದೆ ಹೇಳಿದೆ. ಜೀವನದಲ್ಲಿ ಅಷ್ಟು ಹೊತ್ತು ನಾನು ಒಂದೇ ಸಮನೆ ನಿಜ ಹೇಳಿದ್ದು ಅದೇ ಮೊದಲು. ಭಾವ ಗೋಣಿಯ ಮೇಲೆ ಒರಗಿಕೊಂಡು ಎಲ್ಲ ಕೇಳಿದ. ಕೇಳಿ, ನೋವಿನಲ್ಲೂ ನಕ್ಕ.

"ನಿನ್ ಆಟ ನಂಗೊತ್ತಿಲ್ವಾ ಬಾಮೈದ? ನಾನ್ ಗೇಟ್ ದಾಟ್ಲಿ ಅಂತ ಹೊಸ ಕತೆ ಕಟ್ಟಿದ್ದೀಯ. ಆ ಸೀಸೆಗೂ ಆಸ್ಪತ್ರೆ ಹಂಡೆ ನೀರೇ ತುಂಬಿದ್ದು ನೀನು. ಅದ್ನ ನೋಡಿ ಡಾಕ್ಟ್ರೂ ಏಮಾರಿದ್ರು."

ಬಿದಿರನ್ನು ತಂದು ತೋರಿಸಿದರೆ, ನಿನ್ನೆ ಕೊರೆದದ್ದು ಎಂದ. ಅಕ್ಕನ ಮೇಲೆ ಆಣೆ ಇಟ್ಟರೆ, ಹೋದ ವರ್ಷ ಆನೆ ಬಂತೆಂದಾಗಲೂ ಅವಳ ಮೇಲೇ ಆಣೆ ಇಟ್ಟಿದ್ದೆಯಲ್ಲ ಎಂದ. ಅದು ನಿಜ. ಇಷ್ಟು ವರ್ಷ ಕಷ್ಟಪಟ್ಟು ಸಂಪಾದಿಸಿದ ಕೀರ್ತಿ ಅವತ್ತು ನನ್ನ ಕುತ್ತಿಗೆಗೇ ಬಂತು. ಅಕ್ಕ ಮಾತ್ರ ನಂಬಿದಳು. ನಾನು ಸುಳ್ಳು ಹೇಳುವಾಗ ನನ್ನ ಮೀಸೆ ಕುಣಿಯುತ್ತದಂತೆ, ಅವತ್ತು ಕುಣಿದಿರಲಿಲ್ಲ.

ಒಂದು ವಾರ ಮಲಗಿ ಭಾವ ಕಣಕ್ಕೆ ಮರಳಿದ. ನಾನೊಂದು ಉಪಾಯ ಹೂಡಿದೆ. ಮೊದಲ ಗಂಟೆಯಲ್ಲೇ ಹಲಗೆ ಕೆಳಗಿಟ್ಟು, ಎಲ್ಲರೂ ನೋಡುವ ಹಾಗೆ ಗೇಟು ದಾಟಿ, ಹಂಡೆಯಿಂದ ಎತ್ತಿ ಎತ್ತಿ ಕುಡಿದೆ. ಮೀಸೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೋತೆ ಎಂದು ಕೂಗಿದೆ. ಇನ್ನು ಅವನ ಹಟ ಇಳಿಯುತ್ತದೆ, ಅವನೂ ಬರುತ್ತಾನೆ ಎಂದುಕೊಂಡೆ. ಭಾವನ ಮುಖ ಹುಣ್ಣಿಮೆಯಾಯಿತು. ಆದರೆ ಅವನು ಜಾಗದಿಂದ ಅಲುಗಲಿಲ್ಲ. ಸಂಜೆ ಒಬ್ಬನೇ ಹೋಗಿ ಕಬ್ಬಿಣ ಬಡಿದ. ಮಾರನೆಯ ದಿನವೂ, ಅದರ ಮಾರನೆಯ ದಿನವೂ. ಗೆಲ್ಲಲೆಂದು ಬಾಯಿ ಒಣಗಿಸಿದವನು ಈಗ ಗೆದ್ದದ್ದು ಹೋಗಬಾರದೆಂದು ಒಣಗಿಸಿದ. ನನ್ನ ಸೋಲು ಅವನಿಗೆ ನನ್ನ ಗೆಲುವಿಗಿಂತ ಕೇಡಾಯಿತು.

ಅಕ್ಕ ಆ ಮೂರನೆಯ ಸಂಜೆ ಒಲೆಯ ಮುಂದೆ ನನ್ನನ್ನು ನಿಲ್ಲಿಸಿ, ತಿರುಗಿಯೂ ನೋಡದೆ ಹೇಳಿದಳು.

"ನೀನ್ ಹಾಕಿದ್ ಗಂಟು. ನೀನೇ ಬಿಚ್ಚು. ಬಿಚ್ಚೋಗಂಟ ಈ ಒಲೆ ಮೇಲಿಂದು ನಿಂಗೆ ಒಂದು ಅಗುಳೂ ಇಲ್ಲ."

ಊಟ ನಿಂತ ಮೇಲೆ ನನಗೆ ಬುದ್ಧಿ ಬೇಗ ಬರುತ್ತದೆ. ನನ್ನ ಮಾತನ್ನು ಭಾವ ನಂಬುವುದಿಲ್ಲ. ಅವನು ನಂಬುವುದು ರೈಟರ ಸಿಟ್ಟನ್ನು. ರೈಟರು ಹುಟ್ಟಿದಂದಿನಿಂದ ತಮಾಷೆ ಮಾಡಿದವರಲ್ಲ.

ಬೆಳಗ್ಗೆ ಹಾಜರಿಗೆ ಎಲ್ಲರೂ ಗೇಟಿನ ಹೊರಗೆ ಸೇರಿದ್ದರು. ನಾನು ತುಂಬಿದ ಬಿದಿರನ್ನು ಹೆಗಲ ಮೇಲಿಟ್ಟುಕೊಂಡು ರೈಟರ ಮುಂದೆ ಹೋಗಿ ನಿಂತೆ. ಬಿರಡೆ ಕಿತ್ತು ಅವರ ಮೇಜಿನ ಮುಂದೆ ಬಗ್ಗಿಸಿದೆ. ನೀರು ಗಳಗಳ ಬಿತ್ತು, ನಿಲ್ಲದೆ ಬಿತ್ತು, ಅವರ ಜೋಡಿನ ತನಕ ಹರಿಯಿತು. ಹಲಗೆಗೆ ಮುತ್ತಿಡುತ್ತಿದ್ದ ಏಳೆಂಟು ಜನ ತಮ್ಮ ತಮ್ಮ ಬಿದಿರುಗಳನ್ನು ತಿರುಗಿಸಿ ನೋಡಿಕೊಂಡರು. ರೈಟರ ಮುಖ ಹಣ್ಣು ಕಾಫಿಯ ಬಣ್ಣಕ್ಕೆ ಬಂತು.

"ಎಂಥದಿದು? ಎಷ್ಟು ದಿನದಿಂದ ಉಂಟು ನಿನ್ನ ಈ ಆಟ?"

ಇದು ಮೂರನೆಯ ಬೇಸಿಗೆ ಎಂದೆ. ದಿನವೂ ಕಣದ ನಡುವೆ ನೀರು ಇತ್ತು, ದಿನವೂ ಕುಡಿದೆ, ಈ ಮೂರು ಬೇಸಿಗೆಯಲ್ಲಿ ಯಾವ ಮೂಟೆಗಾದರೂ ಬೂಷ್ಟು ಹಿಡಿಯಿತೇ, ನೀವೇ ಹೇಳಿ ಎಂದೆ. ಹಿಡಿದಿರಲಿಲ್ಲ. ನಾನು ಅಷ್ಟಕ್ಕೆ ಬಿಡದೆ ಡಾಕ್ಟರು ಹೇಳಿದ್ದನ್ನೂ ಸೇರಿಸಿದೆ. ಕಣದಲ್ಲಿ ನೀರಿಲ್ಲದೆ ಭಾವ ಸತ್ತರೆ ಎಸ್ಟೇಟಿನ ಮಾಲೀಕ ದೊರೆ ಕೇಳುವುದು ಕೂಲಿಯವರನ್ನಲ್ಲ ಎಂದೂ ಒಂದು ಮಾತು ಮೆತ್ತಗೆ ಇಟ್ಟೆ. ಡಾಕ್ಟರು ಆ ಮಾತು ಹೇಳಿರಲಿಲ್ಲ. ಮೀಸೆ ಸ್ವಲ್ಪ ಕುಣಿದಿರಬಹುದು.

ರೈಟರು ಕೊಡೆಯನ್ನು ನೆಲಕ್ಕೆ ಕುಟ್ಟಿ ತೀರ್ಪು ಕೊಟ್ಟರು.

"ನೀನು ಇನ್ನು ಕಣದ ಒಳಗೆ ಬರ್ಲಿಕ್ಕಿಲ್ಲ. ನಿನಗೆ ನೀರಿನ ಮೇಲೆ ಅಷ್ಟು ಪ್ರೀತಿ ಉಂಟಲ್ಲ, ಈ ಗೇಟಲ್ಲಿ ನಿಂತು ಎಲ್ಲರಿಗೂ ನೀರು ಕೊಡು. ಗಂಟೆಗೊಮ್ಮೆ ಕಬ್ಬಿಣ ನಾನೇ ಹೊಡಿತೇನೆ. ಹೊಡೆದ ಕೂಡ್ಲೇ ಎಲ್ಲರೂ ಬಂದು ಕುಡಿಬೇಕು, ಕುಡಿಯದವನಿಗೆ ಹಾಜರಿ ಇಲ್ಲ."

ಅಂಗಾಲು ನೋಡುವುದನ್ನು ಮಾತ್ರ ಅವರು ಬಿಡಲಿಲ್ಲ. ಮನುಷ್ಯನಿಗೆ ಏನಾದರೂ ಒಂದು ಉಳಿಯಬೇಕಲ್ಲ.

ನಾನು ತಿರುಗಿ ಭಾವನನ್ನು ನೋಡಿದೆ. ಈ ಸಲ ಅವನು ನಂಬಿದ್ದ. ಅವನ ಕಣ್ಣು ನೆಲದ ಮೇಲೆ ಹರಿದ ನೀರಿನ ಮೇಲಿತ್ತು. ತಾನು ಬಾಯಿ ಕಟ್ಟಿದ ಒಂದೊಂದು ದಿನವನ್ನೂ ಅದರಲ್ಲಿ ನೋಡುತ್ತಿದ್ದಾನೆ ಅನ್ನಿಸಿತು. ನನಗೆ ಒಂದು ಪೆಟ್ಟು ಕೊಟ್ಟಿದ್ದರೆ ಸಮಾಧಾನವಾಗುತ್ತಿತ್ತು. ಅವನು ನನ್ನನ್ನು ದಾಟಿ ಹಂಡೆಯ ಹತ್ತಿರ ಹೋಗಿ, ಹಂಡೆಯನ್ನೇ ಎರಡೂ ಕೈಯಲ್ಲಿ ಎತ್ತಿ, ಸಿಟ್ಟು ಇಳಿಯುವಷ್ಟು ಕುಡಿದು, ಮಾತಾಡದೆ ಕಣದೊಳಗೆ ಹೋದ.

ಆಮೇಲೆ ಅವನು ನನ್ನ ಜೊತೆ ಮಾತಾಡಲಿಲ್ಲ. ಒಂದೇ ಮನೆ, ಒಂದೇ ಒಲೆ. ನನಗೆ ಉಪ್ಪು ಬೇಕಾದರೆ ಅಕ್ಕನ ಮೂಲಕ ಹೋಗಿ ಅಕ್ಕನ ಮೂಲಕ ಬರುತ್ತಿತ್ತು. ಆದರೆ ಗಂಟೆಗೊಮ್ಮೆ ಅವನು ನನ್ನ ಮುಂದೆ ಬರಲೇಬೇಕು. ಸಾಲಿನಲ್ಲಿ ಬಂದು, ಮುಖ ಅತ್ತ ತಿರುಗಿಸಿ, ಬೊಗಸೆ ಇತ್ತ ಒಡ್ಡಿ ನಿಲ್ಲುತ್ತಿದ್ದ. ನಾನು ತೆಂಗಿನ ಚಿಪ್ಪಿನ ಸೌಟಿನಲ್ಲಿ ಎರೆಯುತ್ತಿದ್ದೆ. ಉಳಿದವರಿಗೆ ಮೂರು, ಅವನಿಗೆ ಆರು. ಅಕ್ಕ ಒಂದು ಬೇರೆ ಚೊಂಬಿನಲ್ಲಿ ಬಾಳೆದಿಂಡಿನ ರಸ, ಉಪ್ಪು ಹಾಕಿದ ನೀರುಮಜ್ಜಿಗೆ ಕಳಿಸುತ್ತಿದ್ದಳು, ಅದನ್ನು ಅವನ ಪಾಲಿನಲ್ಲಿ ಬೆರೆಸುತ್ತಿದ್ದೆ. ಅವನಿಗೆ ರುಚಿ ತಿಳಿಯುತ್ತಿತ್ತು, ಆದರೆ ಕೇಳಬೇಕಾದರೆ ನನ್ನ ಜೊತೆ ಮಾತಾಡಬೇಕಲ್ಲ. ನುಂಗುತ್ತಿದ್ದ.

ನಾನು ಸುಮ್ಮನಿರುವ ಗಿರಾಕಿಯೇ? ಅವನು ಬೊಗಸೆ ಒಡ್ಡಿದ ಕೂಡಲೇ ಶುರು. ಮದುಮಗ ಧಾರೆ ಎರೆಸ್ಕೊಳ್ಳೋಕೆ ಬಂದಿದ್ದಾರೆ, ದಾರಿ ಬಿಡಿ ಎನ್ನುತ್ತಿದ್ದೆ. ಆನೆಗೆ ನೀರು ಕುಡಿಸೋಕೆ ಸೌಟು ಸಾಲ್ದು, ದೋಣಿ ತನ್ನಿ ಎನ್ನುತ್ತಿದ್ದೆ. ಸಾಲಿನಲ್ಲಿದ್ದವರು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದರು. ಭಾವನ ಕಿವಿ ಕೆಂಪಾಗುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಮೋಟುಗೋಡೆಗೆ ರೈಟರು ಹೊಸ ಸುಣ್ಣ ಬಳಿಸಿದರು, ನನಗೆ ಗೇಟಿನಿಂದಲೇ ಅದರ ಬಣ್ಣ ಕಾಣುತ್ತಿತ್ತು. ದಿನದಿಂದ ದಿನಕ್ಕೆ ಗೋಡೆ ಬಿಳಿಯಾಗಿಯೇ ಉಳಿಯತೊಡಗಿತು. ಭಾವನ ಕೈ ಮಾತ್ರ ಇನ್ನೂ ಸೊಂಟದ ಮೇಲೇ ಇತ್ತು.

ಆ ದಿನಗಳಲ್ಲೇ ಜಗಲಿಯ ಹಿರಿಯ ತೀರಿಕೊಂಡ. ನಾನು ಅವನಿಗೂ ದಿನ ಒಂದು ಚೊಂಬು ನೀರು ಒಯ್ದು ಕೊಡಲು ನೋಡಿದ್ದೆ. ಆಸ್ಪತ್ರೆಗೆ ಹೋಗಿ ಕೇಳಿದಾಗ ಡಾಕ್ಟರು ಬೇಡವೆಂದಿದ್ದರು, ಅವನ ಮೈ ಈಗ ನೀರನ್ನು ಹೊರಗೆ ಕಳಿಸಲಾರದು ಎಂದು. ಎಷ್ಟೋ ಬೇಸಿಗೆ ಅವನಿಗೆ ಬೇಕಾಗಿದ್ದದ್ದು, ಕೊಡುವವರು ಬಂದಾಗ ಬೇಡವಾಗಿತ್ತು. ಅವನನ್ನು ಹೊರುವಾಗ ಒಂದು ಕಡೆ ಭಾವ, ಇನ್ನೊಂದು ಕಡೆ ನಾನು. ಅವತ್ತೂ ಮಾತಿಲ್ಲ. ಮಾರನೆಯ ದಿನ ಮಾತ್ರ ಭಾವ ಮುಖ ತಿರುಗಿಸದೆ ನೇರ ನಿಂತು ಬೊಗಸೆ ಒಡ್ಡಿದ. ನಾನೂ ಅವತ್ತೊಂದು ದಿನ ಏನೂ ಅನ್ನದೆ ಎರೆದೆ.

ಮೊದಲ ಮಳೆ ಬರುವ ಮುಂಚೆ, ಒಂದು ಬೆಳಗ್ಗೆ, ಲೈನಿನ ಹಿಂದಿನ ಬಾಳೆಗಿಡಗಳ ಕಡೆಯಿಂದ ಒಂದು ಕೂಗು ಕೇಳಿತು. ನಾನು ಆನೆಯೇ ಬಂತು ಎಂದುಕೊಂಡೆ, ಈ ಸಲ ನಿಜವಾಗಿ. ಅಕ್ಕ ಸೌದೆ ಬಿಟ್ಟು ಓಡಿದಳು. ನೋಡಿದರೆ ಭಾವ ಬೆವರಿಳಿಸಿಕೊಂಡು, ಒಂದು ಬಾಳೆಲೆ ಚೂರನ್ನು ಅಂಗೈಯಲ್ಲಿ ಹಿಡಿದುಕೊಂಡು, ನಗುತ್ತಾ ಬರುತ್ತಿದ್ದ. ಕಲ್ಲು ಬಿದ್ದಿತ್ತು. ಅದನ್ನು ಅವನು ಲೈನಿನ ಪ್ರತಿ ಬಾಗಿಲಿಗೂ ಒಯ್ದು ತೋರಿಸಿದ. ಹಾಜರಿಯ ಹೊತ್ತಿಗೆ ರೈಟರಿಗೆ ತೋರಿಸಿದ, ಅವರು ಕನ್ನಡಕ ಹಾಕಿಕೊಂಡು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ನನಗೊಬ್ಬನಿಗೆ ತೋರಿಸಲಿಲ್ಲ.

ಹತ್ತು ಗಂಟೆಯ ಕಬ್ಬಿಣ ಬಡಿಯಿತು. ಭಾವ ಸಾಲಿನ ಕೊನೆಯಲ್ಲಿ ಬಂದ. ಎಲ್ಲರೂ ಹೋಗುವ ತನಕ ಕಾದ. ಆಮೇಲೆ ಮಡಿಲಿನಿಂದ ಬಾಳೆಲೆ ತೆಗೆದು ನನ್ನ ಅಂಗೈಯಲ್ಲಿ ಬಿಚ್ಚಿಟ್ಟ. ಜೋಳದ ಕಾಳಿನಷ್ಟು ಒಂದು ಕಂದು ಕಲ್ಲು, ಸುತ್ತ ಮುಳ್ಳು ಮುಳ್ಳು. ನಾನು ತಮಾಷೆಗೆ ಒಂದು ಮಾತು ಹುಡುಕಿದೆ. ನಂಬಿದರೆ ನಂಬಿ, ಸಿಗಲಿಲ್ಲ. ಇಷ್ಟು ಚಿಕ್ಕದಕ್ಕೆ ಅಷ್ಟು ದೊಡ್ಡ ಆಳು ಉರುಳಿದ್ದ. ನಾನು ಹೇಳಿದ ಒಂದು ಗಂಜಿಯ ಮಾತು ಅದರೊಳಗೆ ಎಲ್ಲೋ ಕೂತಿದೆ ಅನ್ನಿಸಿತು.

"ತಪ್ಪಾಯ್ತು ಭಾವ," ಎಂದೆ.

ಅವನು ನನ್ನ ಮುಖವನ್ನಲ್ಲ, ಮೀಸೆಯನ್ನೇ ಸ್ವಲ್ಪ ಹೊತ್ತು ನೋಡಿದ. ಅಕ್ಕ ಆ ಗುಟ್ಟನ್ನು ಅವನಿಗೆ ಹೇಳಿಕೊಟ್ಟಿದ್ದಾಳೆ ಎಂದು ನನಗೆ ತಿಳಿದದ್ದು ಆಗಲೇ.

"ಅಂಗೇ ನಿಂತಿದ್ದೀಯಲ್ಲ ಬಾಮೈದ. ಹಾಕು ನೀರ."

ಎರೆದೆ. ಅವನು ಕುಡಿದ, ಒಂದರ ಮೇಲೊಂದು, ಗಂಟಲಿನ ಮಣಿ ಏರಿ ಇಳಿಯಿತು. ಎಷ್ಟಾಯಿತು ಎಂದು ಬೊಗಸೆಯಿಂದ ಮುಖ ಎತ್ತಿ ಕೇಳಿದ. ಐದು ಎಂದೆ. ಆರಾಗಿತ್ತು. ಐದೆಂದರೆ ಇನ್ನೊಂದು ಕುಡಿಯುತ್ತಾನೆ ಎಂದು ನನ್ನ ಲೆಕ್ಕ.

"ಸುಳ್ಳು," ಎಂದ ಭಾವ, ಮತ್ತೆ ಬೊಗಸೆ ಒಡ್ಡಿದ.